ಅಮೆರಿಕದ ನಾಯಕರ ಓಲೆಗಳು, ಸಂಗ್ರಾಹಕರ ಕತ್ತರಿ

ಬಟನ್ ಗ್ವಿನೆಟ್ ಎಂಬ ಹೆಸರನ್ನು ನಮ್ಮ ಕಡೆ ಕೇಳಿದವರು ಅಪರೂಪ. ಅಮೆರಿಕದಲ್ಲಿಯೂ ಶಾಲಾಪುಸ್ತಕದ ಆಚೆಗೆ ಆತನ ಗೊಡವೆಗೆ ಹೋಗುವವರು ಹೆಚ್ಚಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ, ವ್ಯಾಪಾರ ಮಾಡಿ, ಸಮುದ್ರ ದಾಟಿ ಜಾರ್ಜಿಯಾ ವಸಾಹತಿಗೆ ಬಂದು, ಅಲ್ಲಿಯೂ ವ್ಯಾಪಾರದಲ್ಲಿ ಕೈಸುಟ್ಟುಕೊಂಡು, ಸಾಲದ ಮೇಲೆ ಒಂದು ದ್ವೀಪವನ್ನೇ ಕೊಂಡು ಬೇಸಾಯಕ್ಕಿಳಿದ ಮನುಷ್ಯ. 1776ರಲ್ಲಿ ಆ ವಸಾಹತಿನ ಪ್ರತಿನಿಧಿಯಾಗಿ ಫಿಲಡೆಲ್ಫಿಯಾಕ್ಕೆ ಹೋದ. ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ 56 ಮಂದಿಯಲ್ಲಿ ಒಬ್ಬನಾದ. ಮರುವರ್ಷ ಮೇ ತಿಂಗಳಿನಲ್ಲಿ ಲಾಕ್ಲನ್ ಮೆಕಿಂಟಾಷ್ ಎಂಬ ಸೇನಾಧಿಕಾರಿಯೊಡನೆ ಪಿಸ್ತೂಲಿನ ದ್ವಂದ್ವಯುದ್ಧ ಮಾಡಿ, ಗಾಯಗೊಂಡು, ಕೆಲವೇ ದಿನಗಳಲ್ಲಿ ತೀರಿಕೊಂಡ. ಇಷ್ಟೇ ಆತನ ಚರಿತ್ರೆ. ಆದರೆ ಈತನ ಕೈಯ ರುಜುವಿರುವ ಒಂದು ಕಾಗದ 2010ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 7,22,500 ಡಾಲರಿಗೆ ಹೋಯಿತು. ಅದಕ್ಕೂ ಹಿಂದೆ, 1927ರಲ್ಲಿಯೇ, ಗ್ವಿನೆಟನೂ ಇತರ ಕೆಲವು ಸದಸ್ಯರೂ ಕೂಡಿ ಸಹಿ ಹಾಕಿದ 1776ರ ಒಂದು ಪತ್ರಕ್ಕೆ ರೋಸೆನ್‌ಬಾಕ್ ಎಂಬ ಪ್ರಸಿದ್ಧ ಗ್ರಂಥವ್ಯಾಪಾರಿ 51,000 ಡಾಲರು ಕೊಟ್ಟಿದ್ದರು.

ಕಾರಣ ಸರಳವಾದದ್ದು. ಘೋಷಣೆಗೆ ರುಜು ಹಾಕಿದ 56 ಮಂದಿಯ ಕೈಬರಹವನ್ನೂ ಕೂಡಿಸಿ ಒಂದು ಪೂರ್ಣ ಕಟ್ಟು ಮಾಡಬೇಕೆಂಬುದು ಅಮೆರಿಕದ ಸಂಗ್ರಾಹಕರ ಹಳೆಯ ಹಂಬಲ. ಫ್ರಾಂಕ್ಲಿನ್, ಜೆಫರ್ಸನ್, ಜಾನ್ ಆಡಮ್ಸ್ ಇವರೆಲ್ಲ ಆಯುಷ್ಯವಿಡೀ ಬರೆದವರು. ಹಣವಿದ್ದರೆ ಅವರ ಓಲೆಗಳು ಸಿಕ್ಕೀತು. ಗ್ವಿನೆಟನ ರುಜುಗಳು ಮಾತ್ರ ಐವತ್ತರ ಆಸುಪಾಸಿನಲ್ಲಿ. ಅವುಗಳಲ್ಲಿಯೂ ಹೆಚ್ಚಿನವು ಗ್ರಂಥಾಲಯಗಳ ಕಪಾಟು ಸೇರಿ ಆಗಿವೆ. ದಕ್ಷಿಣ ಕೆರೊಲಿನಾದ ತರುಣ ಸದಸ್ಯ ತಾಮಸ್ ಲಿಂಚ್ 1779ರಲ್ಲಿ ಹಡಗಿನೊಂದಿಗೆ ಸಮುದ್ರಪಾಲಾದವನು, ಅವನದೂ ಹೀಗೆಯೇ ದುರ್ಲಭ. 55 ಮಂದಿಯನ್ನು ಕೂಡಿಸಿದವನಿಗೆ ಉಳಿದ ಒಬ್ಬನಿಗಾಗಿ ಮನೆ ಮಾರಲಿಕ್ಕೂ ಮನಸ್ಸಾಗುತ್ತದೆ. ಆ ಕಾಗದದಲ್ಲಿ ಏನು ಬರೆದಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚಿನವು ಸಾಲಪತ್ರ, ರಶೀದಿ, ಸಾಕ್ಷಿರುಜು, ಇಂಥವೇ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಈ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಚರಿತ್ರೆ ಪಾಠ ಹೇಳಿದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನಮಗೆ ಸಿಗುತ್ತಿದ್ದುದು ಎರಡೋ ಮೂರೋ ಪೀರಿಯಡ್ಡು. ಚಹಾ ಪೆಟ್ಟಿಗೆಗಳನ್ನು ಕಡಲಿಗೆಸೆದು, ವಾಷಿಂಗ್ಟನ್ನರನ್ನು ಗೆಲ್ಲಿಸಿ, ಫ್ರಾನ್ಸಿನ ಕ್ರಾಂತಿಗೆ ಓಡುವುದು. ಅಕ್ಕನ ಮಗ ಆ ದೇಶದಲ್ಲಿ ನೆಲೆಸಿದ ಮೇಲೆ ಊರಿಗೆ ಬರುವಾಗಲೆಲ್ಲ ಹರಾಜು ಕಂಪೆನಿಗಳ ಹಳೆಯ ಕೆಟಲಾಗುಗಳನ್ನು ತಂದುಕೊಡುವ ರೂಢಿ ಮಾಡಿಕೊಂಡ. ಚಾಕಲೇಟಿಗಿಂತ ಇದು ಲೇಸೆಂದು ಅವನಿಗೆ ಹೇಗೋ ಗೊತ್ತಾಗಿತ್ತು. ನಿವೃತ್ತಿಯ ಬಳಿಕ ಅವುಗಳನ್ನು ಓದುತ್ತ ಓದುತ್ತ, ಅಲ್ಲಿಯ ಚರಿತ್ರೆಯ ಎಷ್ಟು ಪಾಲು ಈ ಸಂಗ್ರಾಹಕರ ಕೈಯಿಂದ ಉಳಿದಿದೆ, ಎಷ್ಟು ಪಾಲು ಅವರ ಕೈಯಿಂದಲೇ ಚೂರುಚೂರಾಗಿದೆ ಎಂಬ ಕುತೂಹಲ ಹುಟ್ಟಿತು. ಈ ಬರಹ ಆ ಕುತೂಹಲದ ಫಲ.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಅಡಿಗಲ್ಲು ಹಾಕಿದವರಲ್ಲಿ ಮೊದಲು ಹೇಳಬೇಕಾದ ಹೆಸರು ವಿಲಿಯಂ ಬ್ಯುಎಲ್ ಸ್ಪ್ರೇಗ್ ಅವರದು. 1795ರಲ್ಲಿ ಹುಟ್ಟಿದ ಇವರು ಮುಂದೆ ಆಲ್ಬನಿ ನಗರದಲ್ಲಿ ದೀರ್ಘಕಾಲ ಪಾದ್ರಿಯಾಗಿದ್ದವರು. ಕಾಲೇಜು ಮುಗಿಸಿದ ಹೊಸತರಲ್ಲಿ, 1815ರ ಹೊತ್ತಿಗೆ, ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ನರ ಸೋದರಳಿಯ ಲಾರೆನ್ಸ್ ಲೂಯಿಸ್ ಅವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತರು. ವಾಷಿಂಗ್ಟನ್ನರ ಮನೆಯಾದ ಮೌಂಟ್ ವರ್ನನ್ ಅಲ್ಲಿಗೆ ಸಮೀಪ. ಆ ಮನೆಯೂ ಅದರ ಕಾಗದಪತ್ರಗಳೂ ಆಗ ಇನ್ನೊಬ್ಬ ಸಂಬಂಧಿ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ಬುಷ್‌ರಾಡ್ ವಾಷಿಂಗ್ಟನ್ನರ ವಶದಲ್ಲಿದ್ದವು. ತರುಣ ಮಾಸ್ತರು ಕೇಳಿದರು, ನ್ಯಾಯಾಧೀಶರು ಒಪ್ಪಿದರು. ಬೇಕಾದ ಪತ್ರಗಳನ್ನು ಒಯ್ಯಬಹುದು, ಆದರೆ ಒಯ್ದ ಪ್ರತಿಯೊಂದರ ಜಾಗದಲ್ಲಿ ನಕಲನ್ನು ಬರೆದಿಡಬೇಕು ಎಂಬುದೊಂದೇ ಷರತ್ತು. ಹೀಗೆ ದೇಶದ ಪ್ರಥಮ ಅಧ್ಯಕ್ಷರ ಪತ್ರವ್ಯವಹಾರದಿಂದ ಸುಮಾರು 1500 ಓಲೆಗಳು ಒಬ್ಬ ಮನೆಪಾಠದ ಮಾಸ್ತರರ ಪೆಟ್ಟಿಗೆಗೆ ಬಂದವು. 56 ಮಂದಿಯ ಪೂರ್ಣ ಕಟ್ಟನ್ನು ಮೊದಲಾಗಿ ಮುಗಿಸಿದವರೂ ಇವರೇ.

ಇದನ್ನು ಕಳವೆನ್ನಲು ನನಗೆ ಬಾಯಿ ಬರುವುದಿಲ್ಲ. ಆ ಕಾಲದಲ್ಲಿ ಅಲ್ಲಿ ಸರಕಾರಿ ಪತ್ರಾಗಾರವೆಂಬುದೇ ಇರಲಿಲ್ಲ. ಕೇಳಿ ಒಯ್ದಿದ್ದಾರೆ, ಕುಳಿತು ನಕಲನ್ನೂ ಬರೆದಿಟ್ಟಿದ್ದಾರೆ. ಅಕ್ಷರಗಳೆಲ್ಲ ನಕಲಿನಲ್ಲಿ ಉಳಿದ ಮೇಲೆ ಚರಿತ್ರೆಗೇನು ನಷ್ಟ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ಅದೇ ಕಾಗದದ ರಾಶಿಯನ್ನು ಕೈಯಾಡಿದ ಇನ್ನೊಬ್ಬರ ಕಥೆಯಲ್ಲಿದೆ.

ಅವರೇ ಜೇರೆಡ್ ಸ್ಪಾರ್ಕ್ಸ್. ಇವರು ಸಾಮಾನ್ಯರಲ್ಲ. ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಪಂಡಿತರು. ಅಮೆರಿಕದ ಚರಿತ್ರೆಗೆ ಮೂಲದಾಖಲೆಗಳ ಬುನಾದಿ ಹಾಕಬೇಕೆಂದು ಊರೂರು ಸುತ್ತಿದವರು. ಬುಷ್‌ರಾಡರ ಒಪ್ಪಿಗೆ ಪಡೆದು 1827ರಲ್ಲಿ ವಾಷಿಂಗ್ಟನ್ನರ ಕಾಗದದ ಪೆಟ್ಟಿಗೆಗಳನ್ನು ಬೋಸ್ಟನ್ನಿಗೆ ಸಾಗಿಸಿಕೊಂಡು ಹೋಗಿ, 1830ರ ದಶಕದಲ್ಲಿ 12 ಸಂಪುಟಗಳಾಗಿ ಅಚ್ಚು ಹಾಕಿಸಿದರು. ಹೊಗಳಬೇಕಾದ ಕೆಲಸವೇ. ಆದರೆ ಅಚ್ಚಿಗೆ ಕೊಡುವಾಗ ಸೇನಾಪತಿಗಳ ಭಾಷೆಯನ್ನು ತುಸು 'ತಿದ್ದಿ'ದ್ದರು. ಕೈಗೆ ಬಂದ ಹಣ ಖರ್ಚಿನ ಮುಂದೆ ಚಿಗಟ ಕಚ್ಚಿದಷ್ಟೇ ಎಂದು ವಾಷಿಂಗ್ಟನ್ನರು ಮನೆಮಾತಿನಲ್ಲಿ ಬರೆದದ್ದು, ಆ ಮೊತ್ತ ನಮ್ಮ ಅಗತ್ಯಗಳಿಗೆ ಏನೇನೂ ಸಾಲದು ಎಂಬ ಗಂಭೀರ ವಾಕ್ಯವಾಯಿತು. ಪುಟ್ನಮ್ ಎಂಬ ಮುದಿ ಸೇನಾನಿಯನ್ನು ಸಲುಗೆಯ ಅಡ್ಡಹೆಸರಿನಿಂದ ಕರೆದಲ್ಲಿ ಜನರಲ್ ಪುಟ್ನಮ್ ಎಂದಾಯಿತು. ಇದು ಬಯಲಾದದ್ದು ಹೇಗೆ? ಆ ಓಲೆಗಳನ್ನು ಪಡೆದಿದ್ದ ಜೋಸೆಫ್ ರೀಡ್ ಎಂಬವರ ಮೊಮ್ಮಗ 1847ರಲ್ಲಿ ಅಜ್ಜನ ಪತ್ರಗಳನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿಸಿದ. ಒಂದು ಮನೆಯವರು ಮೂಲ ಓಲೆಗಳನ್ನು ಬಿಡದೆ ಇಟ್ಟುಕೊಂಡಿದ್ದುದರಿಂದ ವಾಷಿಂಗ್ಟನ್ನರ ಬಾಯಿಯ ಚಿಗಟ ಬದುಕಿ ಉಳಿಯಿತು. ಇಂಗ್ಲೆಂಡಿನ ಒಬ್ಬ ಚರಿತ್ರಕಾರರು ಇದನ್ನೆತ್ತಿ ಆಡಿದ್ದರಿಂದ ದೊಡ್ಡ ವಾಗ್ವಾದವೇ ನಡೆಯಿತು.

ಸ್ಪಾರ್ಕ್ಸ್ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ಘೋರವಾದದ್ದು. 1789ರಲ್ಲಿ ಅಧ್ಯಕ್ಷ ಪದವಿಯನ್ನು ವಹಿಸಿಕೊಳ್ಳುವ ಮೊದಲು ವಾಷಿಂಗ್ಟನ್ನರು ಒಂದು ಉದ್ದದ ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದರು. ಕರಡು ಬರೆದವರು ಡೇವಿಡ್ ಹಂಫ್ರೀಸ್. ವಾಷಿಂಗ್ಟನ್ನರು ಅದನ್ನು ಸ್ವಹಸ್ತದಿಂದ ಅರುವತ್ತಕ್ಕೂ ಹೆಚ್ಚು ಪುಟಗಳಲ್ಲಿ ನಕಲು ಮಾಡಿಕೊಂಡಿದ್ದರು. ಜೇಮ್ಸ್ ಮ್ಯಾಡಿಸನ್ನರ ಅಭಿಪ್ರಾಯ ಕೇಳಿದ ಬಳಿಕ ಅದು ಬದಿಗೆ ಸರಿಯಿತು; ಪದಗ್ರಹಣದ ದಿನ ಅವರು ಓದಿದ್ದು ಬೇರೆಯೇ ಚಿಕ್ಕ ಭಾಷಣ. ಓದದೆ ಉಳಿದ ಈ ಪ್ರತಿ ಸ್ಪಾರ್ಕ್ಸರ ಕೈಗೆ ಬಂದಾಗ, ಪ್ರಕಟಣೆಗೆ ಯೋಗ್ಯವಲ್ಲವೆಂದು ತೀರ್ಮಾನಿಸಿದರು. ಅಷ್ಟಕ್ಕೆ ಬಿಟ್ಟಿದ್ದರೂ ಸಾಕಿತ್ತು. ವಾಷಿಂಗ್ಟನ್ನರ ಅಕ್ಷರ ಬೇಕು, ಅಕ್ಷರ ಬೇಕು ಎಂದು ಕೇಳಿ ಬಂದ ಸ್ನೇಹಿತರಿಗೆಲ್ಲ ಅದರ ಹಾಳೆಗಳನ್ನು ಬಿಡಿಬಿಡಿಯಾಗಿ ಕೊಟ್ಟರು. ಹಾಳೆ ಮುಗಿಯುತ್ತ ಬಂದ ಹಾಗೆ ಕತ್ತರಿಯಿಂದ ನಾಲ್ಕು ಸಾಲು, ಆರು ಸಾಲು ಕತ್ತರಿಸಿ ಹಂಚಿದರು. ಇಪ್ಪತ್ತನೆಯ ಶತಮಾನದ ಸಂಪಾದಕರು ಆ ಚೂರುಗಳನ್ನು ಗ್ರಂಥಾಲಯಗಳಿಂದ, ಮನೆಗಳಿಂದ, ಹರಾಜಿನ ಕೆಟಲಾಗುಗಳಿಂದ ಒಂದೊಂದಾಗಿ ಹುಡುಕಿ ಜೋಡಿಸಿದ್ದಾರೆ. ಜೋಡಣೆ ಪೂರ್ತಿಯಾಗಿಲ್ಲ. ಹೊಸ ರಾಷ್ಟ್ರದ ಮೊದಲ ಅಧ್ಯಕ್ಷರ ಮನಸ್ಸಿನಲ್ಲಿ ಏನೇನಿತ್ತು ಎಂಬುದಕ್ಕೆ ಸಾಕ್ಷಿಯಾಗಬೇಕಾದ ಬರಹ, ಮಧ್ಯೆ ಮಧ್ಯೆ ಮಾತು ನಿಲ್ಲಿಸುವ ಮುದುಕರ ಹಾಗೆ ಅಲ್ಲಲ್ಲಿ ತುಂಡಾಗಿ ನಿಂತಿದೆ.

ಇದನ್ನು ಓದುವಾಗ ನನಗೆ ಕುಂಬಳೆಯ ಹತ್ತಿರದ ಒಂದು ಮನೆಯ ನೆನಪಾಗುತ್ತದೆ. ಮಲಯಾಳಂ ಮಾಧ್ಯಮದಲ್ಲಿ ಕಲಿತ ಮೊಮ್ಮಗಳೊಬ್ಬಳು ಅಟ್ಟದ ಟ್ರಂಕಿನಿಂದ ಅಜ್ಜನ ಕಾಲದ ಕಾರ್ಡುಗಳ ಕಟ್ಟನ್ನು ಇಳಿಸಿ ತಂದು, "ಇದೊಂದು ಓದಿ ಹೇಳಿ ಮಾಷ್ಟ್ರೇ" ಎಂದಳು. ಮದರಾಸು ಪ್ರಾಂತದ ದಿನಗಳಿಂದ 1956ರ ನವೆಂಬರದ ವರೆಗಿನ ಕಾರ್ಡುಗಳು. ಮನೆಯ ವಿಷಯ, ಅಡಕೆಯ ಧಾರಣೆ, ಕಾಸರಗೋಡು ಯಾವ ರಾಜ್ಯಕ್ಕೆ ಹೋದೀತೆಂಬ ಆತಂಕ, ಎಲ್ಲ ಒಟ್ಟಿಗೆ. ಯಾವುದೋ ತಲೆಮಾರಿನ ಹುಡುಗರು ಅಂಚೆಚೀಟಿ ಕೂಡಿಸುವ ಹುಚ್ಚಿನಲ್ಲಿ ಒಂದೊಂದು ಕಾರ್ಡಿನ ಮೂಲೆಯನ್ನೂ ಕತ್ತರಿಸಿದ್ದರು. ಚೀಟಿಯ ಹಿಂಬದಿಯಲ್ಲಿದ್ದ ಮೊದಲ ಸಾಲುಗಳ ಆರಂಭ ಅದರೊಂದಿಗೆ ಹೋಗಿತ್ತು. ಯಾರಿಗೆ ಬರೆದದ್ದು, ಅಣ್ಣನಿಗೋ ಭಾವನಿಗೋ, ಎಂಬುದನ್ನು ಉಳಿದ ಒಕ್ಕಣೆಯಿಂದ ಊಹಿಸಿ ಹೇಳಬೇಕಾಯಿತು. ಹಾರ್ವರ್ಡಿನ ಪಂಡಿತರೇ ಕತ್ತರಿ ಹಿಡಿದಿರುವಾಗ ಕುಂಬಳೆಯ ಹುಡುಗರನ್ನು ಏನೆನ್ನೋಣ!

ಇರಲಿ, ಸಹಿಯ ವಿಚಾರಕ್ಕೆ ಮರಳೋಣ. ಮಲಯಾಳಂನಲ್ಲಿ ಸಹಿಗೆ 'ಒಪ್ಪ್' ಎನ್ನುತ್ತಾರಷ್ಟೆ. ನಮ್ಮ ಹಳೆಯ ಶಾಸನಗಳಲ್ಲಿಯೂ ಅದೇ ಶಬ್ದ 'ಒಪ್ಪ'. ವಿಜಯನಗರದ ಅರಸರ ತಾಮ್ರಶಾಸನಗಳನ್ನು ನೋಡಿದವರಿಗೆ ಗೊತ್ತು: ಒಳಗಿನ ಶ್ಲೋಕಗಳೆಲ್ಲ ನಂದಿನಾಗರಿಯಲ್ಲಿದ್ದರೂ ಕೊನೆಯ ಒಪ್ಪ ಮಾತ್ರ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದು. ಅರಸನ ಹೆಸರಲ್ಲ, ದೇವರ ಹೆಸರು. ಸಹಿ ಎಂದರೆ ಹಾಕಿದವನ ಕೈಯ ಗುರುತೇ, ಅಥವಾ ಅವನ ಅಧಿಕಾರದ ಗುರುತೇ ಎಂಬ ಪ್ರಶ್ನೆ ಅಮೆರಿಕದ ಅಧ್ಯಕ್ಷರ ಓಲೆಗಳಲ್ಲಿಯೂ ಎದುರಾಗುತ್ತದೆ.

ವಾಷಿಂಗ್ಟನ್ನರ ಯುದ್ಧಕಾಲದ ಪತ್ರಗಳಲ್ಲಿ ಬಹಳಷ್ಟರ ಒಕ್ಕಣೆ ಅವರ ಸಹಾಯಕರದು. ಅಲೆಗ್ಸಾಂಡರ್ ಹ್ಯಾಮಿಲ್ಟನ್, ಟೆಂಚ್ ಟಿಲ್ಗ್‌ಮನ್ ಮೊದಲಾದ ತರುಣರು ಬರೆದದ್ದಕ್ಕೆ ಸೇನಾಪತಿಗಳು ರುಜು ಹಾಕಿದ್ದು. ಹಾಗಾಗಿ ಕೆಟಲಾಗುಗಳಲ್ಲಿ ಸ್ವಹಸ್ತದ ಪತ್ರ ಬೇರೆ, ರುಜು ಮಾತ್ರ ಇರುವ ಪತ್ರ ಬೇರೆ, ಬೆಲೆಯಲ್ಲಿ ಅಜಗಜಾಂತರ. ಜೆಫರ್ಸನ್ನರದು ಇನ್ನೂ ಸ್ವಾರಸ್ಯ. 1804ರಿಂದ ಅವರು ಎರಡು ಲೇಖನಿಗಳನ್ನು ಸರಳುಗಳಿಂದ ಜೋಡಿಸಿದ ಒಂದು ಯಂತ್ರದಲ್ಲಿ ಬರೆಯುತ್ತಿದ್ದರು. ಒಂದನ್ನು ಕೈಯಲ್ಲಿ ಹಿಡಿದು ಬರೆದರೆ ಇನ್ನೊಂದು ಪಕ್ಕದ ಕಾಗದದಲ್ಲಿ ಅದನ್ನೇ ಬರೆಯುತ್ತದೆ. ಒಂದು ಪ್ರತಿ ಅಂಚೆಗೆ, ಒಂದು ಕಡತಕ್ಕೆ. ಬರೆದ, ಬಂದ ಓಲೆಗಳಿಗೆಲ್ಲ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ದಾಖಲೆ ಪುಸ್ತಕ ಇಟ್ಟುಕೊಂಡು ಬಂದ ಶಿಸ್ತಿನ ಮನುಷ್ಯ. ಜೀವನದಲ್ಲಿ ಬರೆದ ಪತ್ರಗಳು ಸುಮಾರು 19,000.

ಸರಕಾರಿ ಜಮೀನಿನ ಹಕ್ಕುಪತ್ರಗಳಿಗೆ ಅಧ್ಯಕ್ಷರೇ ಕೈಯಾರೆ ಸಹಿ ಹಾಕಬೇಕೆಂಬ ನಿಯಮ ಅಲ್ಲಿತ್ತು. ಪಶ್ಚಿಮದ ಭೂಮಿಯನ್ನು ಜನ ಕೊಳ್ಳುತ್ತ ಹೋದ ಹಾಗೆ ಸಹಿಗೆ ಕಾದ ಪತ್ರಗಳು ಸಾವಿರಗಟ್ಟಲೆ ರಾಶಿ ಬಿದ್ದವು. ಕೊನೆಗೆ ಆಂಡ್ರ್ಯೂ ಜಾಕ್ಸನ್ನರ ಕಾಲದಲ್ಲಿ, 1833ರಲ್ಲಿ, ಅಧ್ಯಕ್ಷರ ಹೆಸರನ್ನು ಬರೆಯಲಿಕ್ಕೆಂದೇ ಒಬ್ಬ ಕಾರ್ಯದರ್ಶಿಯನ್ನು ನೇಮಿಸಲು ಕಾನೂನಾಯಿತು. ಆ ಬಳಿಕದ ಹಕ್ಕುಪತ್ರಗಳಲ್ಲಿರುವುದು ಅಧ್ಯಕ್ಷರ ಹೆಸರು, ಗುಮಾಸ್ತೆಯ ಕೈ. ಅಜ್ಜನ ಜಮೀನಿನ ಪತ್ರದಲ್ಲಿ ಲಿಂಕನ್ನರ ಸಹಿ ಇದೆಯೆಂದು ಚೌಕಟ್ಟು ಹಾಕಿಸಿ ತೂಗಿಸಿದ ಎಷ್ಟೋ ರೈತರ ಮನೆಯವರು ಇದನ್ನು ತಿಳಿದು ಪೆಚ್ಚಾಗಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಗುಮಾಸ್ತೆಯೂ ಬೇಡವಾಗಿ ಸಹಿ ಹಾಕುವ ಯಂತ್ರವೇ ಬಂತು. ಕೆನಡಿಯವರ ಯಂತ್ರಸಹಿಗಳನ್ನು ಗುರುತಿಸುವುದು ಹೇಗೆಂದು ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ವ್ಯಾಪಾರಿ 1965ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಉಪಾಯ ಸುಲಭ: ಮನುಷ್ಯನ ಎರಡು ಸಹಿಗಳು ಎಂದೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಒಂದೇ ಅಚ್ಚಿನಿಂದ ಹೊರಟ ಯಂತ್ರದ ಸಹಿಗಳು ಕೂರುತ್ತವೆ. 2011ರಲ್ಲಿ ಫ್ರಾನ್ಸಿನಲ್ಲಿದ್ದ ಒಬಾಮಾ ಅವರು ವಾಷಿಂಗ್ಟನ್ನಿನಲ್ಲಿದ್ದ ಮಸೂದೆಯೊಂದಕ್ಕೆ ಇಂಥ ಯಂತ್ರದಿಂದಲೇ ಅಂಕಿತ ಹಾಕಿಸಿದರು.

ಬೆಲೆ ಇದ್ದಲ್ಲಿ ಖೋಟಾ ಇರಲೇಬೇಕಲ್ಲ. ಫಿಲಡೆಲ್ಫಿಯಾದಲ್ಲಿ ಪುಸ್ತಕದಂಗಡಿ ಇಟ್ಟಿದ್ದ ರಾಬರ್ಟ್ ಸ್ಪ್ರಿಂಗ್ ಎಂಬವನು ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಹರಿದು, ಕಾಫಿಯ ನೀರಿನಿಂದ ಬಣ್ಣ ಕಟ್ಟಿಸಿ, ವಾಷಿಂಗ್ಟನ್ನರ ರಹದಾರಿ ಚೀಟಿಗಳನ್ನೂ ಚೆಕ್ಕುಗಳನ್ನೂ ಸೃಷ್ಟಿಸುತ್ತಿದ್ದ. ಒಮ್ಮೆ ಸಿಕ್ಕಿಬಿದ್ದ ಮೇಲೆ, ದಕ್ಷಿಣದ ಸೇನಾಪತಿಯೊಬ್ಬರ ಬಡ ಮಗಳು ತಾನೆಂದು ಇಂಗ್ಲೆಂಡಿನವರಿಗೆ ಕಣ್ಣೀರಿನ ಪತ್ರ ಬರೆದು ಮಾಲು ಸಾಗಿಸಿದ. 1876ರಲ್ಲಿ ದಿಕ್ಕಿಲ್ಲದೆ ಸತ್ತ. ಈಗ ಅವನ ಖೋಟಾಗಳನ್ನೇ ಕೂಡಿಸುವವರಿದ್ದಾರೆ! ಜೋಸೆಫ್ ಕೋಸಿ ಎಂಬ ಇನ್ನೊಬ್ಬನ ಕಥೆ ಪ್ರಸಿದ್ಧವಾದದ್ದು. 1929ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಫ್ರಾಂಕ್ಲಿನ್ನರ ಸಹಿಯ ಒಂದು ಕಾಗದವನ್ನು ಹಾರಿಸಿದ. ವ್ಯಾಪಾರಿ ಅದನ್ನು ಖೋಟಾ ಎಂದು ತಿರಸ್ಕರಿಸಿದನಂತೆ. ಆ ಸಿಟ್ಟಿಗೆ ಲಿಂಕನ್ನರ ಕೈಬರಹವನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ತಾನೇ ಬರೆದದ್ದನ್ನು ಅದೇ ವ್ಯಾಪಾರಿಗೆ ಮಾರಿದನಂತೆ. ಈಚಿನವರು ಅಷ್ಟು ಶ್ರಮ ಪಡುವುದಿಲ್ಲ. 1997ರಲ್ಲಿ ಬಯಲಾದ ಕೆನಡಿಯವರ ಖೋಟಾ ಕಡತಗಳಲ್ಲಿ, 1963ರಲ್ಲಿ ಬಳಕೆಗೆ ಬಂದ ಅಂಚೆಯ ಪಿನ್‌ಕೋಡು ಅದಕ್ಕೂ ಹಿಂದಿನ ತಾರೀಕಿನ ಪತ್ರದ ಮೇಲೆ ಟೈಪಾಗಿತ್ತು.

ಎಲ್ಲಕ್ಕಿಂತ ವಿಚಿತ್ರವಾದದ್ದು ಬಿಕ್ಸ್‌ಬಿ ಪತ್ರ. ಯುದ್ಧದಲ್ಲಿ ಐವರು ಮಕ್ಕಳನ್ನು ಕಳೆದುಕೊಂಡಳೆಂದು ತಿಳಿಸಲಾಗಿದ್ದ ಬೋಸ್ಟನ್ನಿನ ವಿಧವೆ ಲಿಡಿಯಾ ಬಿಕ್ಸ್‌ಬಿಗೆ 1864ರ ನವೆಂಬರದಲ್ಲಿ ಲಿಂಕನ್ನರ ಹೆಸರಿನಲ್ಲಿ ಹೋದ ಸಾಂತ್ವನದ ಓಲೆ ಇದು. ಪತ್ರಿಕೆಯಲ್ಲಿ ಅಚ್ಚಾಯಿತು, ಜನ ಬಾಯಿಪಾಠ ಮಾಡಿದರು. ಸತ್ತವರು ವಾಸ್ತವವಾಗಿ ಇಬ್ಬರು ಮಕ್ಕಳು. ಬರೆದವರು ಲಿಂಕನ್ನರಲ್ಲ, ಅವರ ಕಾರ್ಯದರ್ಶಿ ಜಾನ್ ಹೇ ಎಂಬ ವಾದವಿದೆ. ಈಚಿನ ಭಾಷಾಪರೀಕ್ಷೆಗಳೂ ಅದೇ ಕಡೆಗೆ ವಾಲಿವೆ. ಮೂಲ ಓಲೆ ಸಿಕ್ಕಿಲ್ಲ. 1891ರಿಂದ ಅದರ ಕಲ್ಲಚ್ಚಿನ ಪ್ರತಿಗಳು ಮಾರಾಟಕ್ಕೆ ಬಂದವು. ಅಂಥ ಒಂದು ಪ್ರತಿಯನ್ನು ಅಟ್ಟದಲ್ಲಿ ಕಂಡು ಮೂಲವೇ ಸಿಕ್ಕಿತೆಂದು ವ್ಯಾಪಾರಿಗಳ ಬಾಗಿಲು ತಟ್ಟುವವರು ನೂರು ವರ್ಷದ ಮೇಲೂ ಮುಗಿದಿಲ್ಲ.

ಸಂಗ್ರಾಹಕರನ್ನು ದೂರುತ್ತಲೇ ಹೋದರೆ ನ್ಯಾಯವಾಗದು. ಫಿಲಡೆಲ್ಫಿಯಾದ ವಕೀಲ ಸೈಮನ್ ಗ್ರಾಟ್ಸ್ ಹುಡುಗನಾಗಿದ್ದಾಗಲೇ ಆರಂಭಿಸಿ ಕೂಡಿಸಿದ ಲಕ್ಷಕ್ಕೂ ಮಿಕ್ಕಿದ ಕಾಗದಗಳನ್ನು ಪೆನ್ಸಿಲ್ವೇನಿಯಾದ ಚರಿತ್ರೆ ಸಂಘಕ್ಕೆ ಕೊಟ್ಟರು. ನ್ಯೂಯಾರ್ಕಿನ ವೈದ್ಯ ತಾಮಸ್ ಆಡಿಸ್ ಎಮೆಟ್ ಅವರ ಸಂಗ್ರಹ 1896ರಲ್ಲಿ ಆ ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಸಂದಿತು. ಇವರಿಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತಿದ್ದವು. ಮನೆಯವರೇ ಸುಟ್ಟದ್ದೂ ಉಂಟು: ಮಾರ್ತಾ ವಾಷಿಂಗ್ಟನ್ ತಮಗೆ ಗಂಡ ಬರೆದ ಓಲೆಗಳನ್ನು ಸಾಯುವ ಮೊದಲು ಬೆಂಕಿಗೆ ಹಾಕಿದರು. ನಲುವತ್ತು ವರ್ಷದ ದಾಂಪತ್ಯದಲ್ಲಿ ಉಳಿದದ್ದು ಎರಡೋ ಮೂರೋ. ಅವೂ ಮೇಜಿನ ಖಾನೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದವಂತೆ. ಲಿಂಕನ್ನರ ಮಗ ರಾಬರ್ಟ್ ಮಾತ್ರ ತಂದೆಯ ಕಾಗದಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟು, ತಾನು ಸತ್ತು 21 ವರ್ಷದ ವರೆಗೆ ತೆರೆಯಬಾರದೆಂದ. 1947ರ ಜುಲೈ 26ರಂದು ತೆರೆದರು. ಆದರೆ ಗ್ರಂಥಾಲಯ ಸೇರಿದ ಮಾತ್ರಕ್ಕೆ ಭದ್ರವೆನ್ನುವಂತಿಲ್ಲ. ಅಧ್ಯಕ್ಷರ ಚರಿತ್ರೆಯ ತಜ್ಞನೆಂದು ಹೇಳಿಕೊಂಡು ತಿರುಗುತ್ತಿದ್ದ ಬ್ಯಾರಿ ಲಾಂಡೌ ಎಂಬವನು ಸಿಬ್ಬಂದಿಗೆ ಕೇಕು ಹಂಚುತ್ತ, ಒಳಜೇಬು ಹೊಲಿಸಿದ ಕೋಟಿನಲ್ಲಿ ಓಲೆಗಳನ್ನು ತುಂಬಿಕೊಳ್ಳುತ್ತ 2011ರಲ್ಲಿ ಬಾಲ್ಟಿಮೋರಿನಲ್ಲಿ ಸಿಕ್ಕಿಬಿದ್ದ. ಅವನ ಮನೆಯಿಂದ ಹತ್ತು ಸಾವಿರದಷ್ಟು ಕಾಗದಗಳನ್ನು ತೆಗೆದರು. ಮರುವರ್ಷ ಏಳು ವರ್ಷದ ಸಜೆಯಾಯಿತು.

ಕೊನೆಗೊಂದು ಹುಡುಗಿಯ ವಿಷಯ ಹೇಳಬೇಕು. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನ ಗ್ರೇಸ್ ಬೆಡೆಲ್, 11 ವರ್ಷದವಳು, 1860ರ ಅಕ್ಟೋಬರದಲ್ಲಿ ಚುನಾವಣೆಗೆ ನಿಂತಿದ್ದ ಲಿಂಕನ್ನರಿಗೆ ಪತ್ರ ಬರೆದಳು: ನಿಮ್ಮ ಮುಖ ತೀರ ಕೃಶವಾಗಿದೆ, ಗಡ್ಡ ಬಿಡಿ, ಚೆಂದ ಕಾಣುತ್ತೀರಿ, ಹೆಂಗಸರು ತಮ್ಮ ಗಂಡಂದಿರಿಗೆ ನಿಮಗೇ ಮತ ಹಾಕಲು ಹೇಳಿಯಾರು ಎಂದು. ನಾಲ್ಕೇ ದಿನದಲ್ಲಿ, 19ನೆಯ ತಾರೀಕಿಗೆ, ಲಿಂಕನ್ನರು ಕೈಯಾರೆ ಉತ್ತರ ಬರೆದರು. ತಮಗೆ ಹೆಣ್ಣುಮಕ್ಕಳಿಲ್ಲವೆಂದು ಮೊದಲು ಹೇಳಿಕೊಂಡು, ಈ ವಯಸ್ಸಿನಲ್ಲಿ ಗಡ್ಡ ಬಿಟ್ಟರೆ ಜನ ನಕ್ಕಾರಲ್ಲವೇ ಎಂದು ಕೇಳಿದ್ದಾರೆ. ಬಿಟ್ಟರು ಮಾತ್ರ. ಮರುವರ್ಷ ಫೆಬ್ರವರಿಯಲ್ಲಿ ಪದಗ್ರಹಣಕ್ಕೆ ಹೋಗುವಾಗ ರೈಲು ಆ ಊರಲ್ಲಿ ನಿಂತಾಗ ಅವಳನ್ನು ಕರೆಸಿ ತಮ್ಮ ಗಡ್ಡವನ್ನು ತೋರಿಸಿದರು. ಈ ಪ್ರಶ್ನೆ ಮತ್ತು ಉತ್ತರ ಇವತ್ತು ಒಂದೆಡೆ ಇಲ್ಲ. ಹುಡುಗಿಯ ಪತ್ರ ಡೆಟ್ರಾಯಿಟಿನ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಸಹಿಯುಳ್ಳ ಉತ್ತರ 1966ರಲ್ಲಿ ಖಾಸಗಿ ಸಂಗ್ರಹಕ್ಕೆ ಮಾರಾಟವಾಯಿತು.

ಅವಳು ಲಿಂಕನ್ನರಿಗೆ ಬರೆದ ಇನ್ನೊಂದು ಪತ್ರವಿದೆಯೆಂದು 2007ರ ವರೆಗೆ ಯಾರಿಗೂ ತಿಳಿದಿರಲಿಲ್ಲ. ಅದು 1864ರ ಜನವರಿಯದು. ಅದರಲ್ಲಿ ದೊಡ್ಡವರ ರುಜು ಇರಲಿಲ್ಲ. ಹಾಗಾಗಿ ಯಾವ ಸಂಗ್ರಾಹಕರ ಕಣ್ಣೂ ಬೀಳದೆ, ಖಜಾನೆ ಇಲಾಖೆಯ ಕಾಗದಗಳ ನಡುವೆ, ರಾಷ್ಟ್ರೀಯ ಪತ್ರಾಗಾರದಲ್ಲಿ, ಸೇರಬೇಕಾದ ಕಡತದಲ್ಲೇ 143 ವರ್ಷ ಕುಳಿತಿತ್ತು. ತಂದೆ ಆಸ್ತಿಯನ್ನೆಲ್ಲ ಕಳೆದುಕೊಂಡಿದ್ದಾರೆ, ಖಜಾನೆಯಲ್ಲಿ ನೋಟು ಕತ್ತರಿಸುವ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ಕೇಳಿದ್ದೇನೆ, ನನಗೂ ಅಲ್ಲೊಂದು ಕೆಲಸ ಕೊಡಿಸಿಯಾರೇ ಎಂದು ಹದಿನೈದು ವರ್ಷದ ಗ್ರೇಸ್ ಅಧ್ಯಕ್ಷರನ್ನು ಕೇಳಿದ್ದಾಳೆ. ಇದೇ ವಿಷಯಕ್ಕೆ ಮೊದಲೂ ಒಮ್ಮೆ ಬರೆದಿದ್ದೆ, ಉತ್ತರ ಬರಲಿಲ್ಲ, ಓಲೆ ನಿಮ್ಮ ಕೈಗೆ ಸೇರಲಿಲ್ಲವೆಂದೇ ಭಾವಿಸಿಕೊಂಡಿದ್ದೇನೆ ಎಂದೂ ಬರೆದಿದ್ದಾಳೆ.